ವಾಸನೆ ಹೋಯಿತಲ್ಲ!

"ಈಗ ವಾಸನೆಯೇ ಇಲ್ಲ, ಧೈರ್ಯವಾಗಿ ಇಳಿದು ಬನ್ನಿ!" ದೋಣಿಯ ತಳದೊಳಗೆ ತಲೆ ತೂರಿಸಿಕೊಂಡು ನಮ್ಮ ಜೊತೆಗಾರರು ಕೂಗಿದ ಈ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ.

ದಡದ ಪಂಪಿನಿಂದ ಶೌಚದ ಟ್ಯಾಂಕ್ ಖಾಲಿ ಮಾಡಿಸುತ್ತಿದ್ದೆವು. ಗಾಳಿಕೊಳವೆ ಕಟ್ಟಿಕೊಂಡಿತ್ತು. ಪಂಪು ಹೀರುತ್ತಿದೆ, ಒಳಗೆ ಗಾಳಿ ಬರಲು ದಾರಿಯಿಲ್ಲ. ಟ್ಯಾಂಕಿನ ಗೋಡೆ ಒಳಕ್ಕೆ ಬಾಗಿ ಕಿರುಗುಟ್ಟಿತು. ಚಾಲಕರು ಪಂಪು ನಿಲ್ಲಿಸುವಷ್ಟರಲ್ಲಿ ಕೊಳವೆಯ ಕೂಡಿಕೆಯೊಂದು ಸಡಿಲಗೊಂಡಿತ್ತು. ಈ ಮಹಾಶಯರು ಯಾರನ್ನೂ ಕೇಳದೆ ನೆಲದ ಹಲಗೆ ಎತ್ತಿ ಇಣುಕಿದರು. ಕೊಳೆತ ಮೊಟ್ಟೆಯ ನಾತ ಗಪ್ಪನೆ ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಅದೇ ಘೋಷಣೆ: ವಾಸನೆಯೇ ಇಲ್ಲ.

ಮಾತು ಕಡಿಮೆಯ ಚಾಲಕರು ಅವರ ಅಂಗಿಯ ಕಾಲರು ಹಿಡಿದು ಮೇಲಕ್ಕೆಳೆದರು. "ವಾಸನೆ ಹೋಯಿತೋ, ನಿಮ್ಮ ಮೂಗು ಹೋಯಿತೋ?" ಎಂದಷ್ಟೇ ಕೇಳಿದರು.

ಮಲ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗವಾದರೆ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ಅಂದು ಅಷ್ಟು ಸೇರಿರಲಿಕ್ಕಿಲ್ಲ. ಆದರೆ ಗಾಳಿ ತಿಳಿಯಾಯಿತೋ, ಮೂಗು ಸೋತಿತೋ ಎಂದು ಅದೇ ಮೂಗು ಹೇಗೆ ತೀರ್ಪು ಕೊಡುತ್ತದೆ?

ಎಲ್ಲ ಕಿಂಡಿ ತೆರೆದು ದೋಣಿಯಿಂದ ಇಳಿದು ಕಾದೆವು. ಚಾಲಕರು ಹೊರಗಿನಿಂದಲೇ ಗಾಳಿಕೊಳವೆಯ ಬಾಯಿಗೆ ನೀರು ಹಾಯಿಸಿ ಗಂಟುಕಟ್ಟಿದ್ದನ್ನು ಬಿಡಿಸಿದರು, ಆಮೇಲೆ ಕೈಗವಸು ತೊಟ್ಟು ಕೂಡಿಕೆ ಬಿಗಿದರು. ಪಂಪು ಮತ್ತೆ ಹೀರಿತು. ಕೊಳವೆಯ ಗಾಜಿನ ತುಂಡಿನಲ್ಲಿ ಕಂದು ಹೋಗಿ ತಿಳಿನೀರು ಕಾಣುವವರೆಗೆ ಟ್ಯಾಂಕನ್ನು ತೊಳೆದರು. ತೊಳೆಯುವ ಕೊಳವೆ ಕುಡಿಯುವ ನೀರಿನ ಮುಚ್ಚಳದ ಹತ್ತಿರ ಸುಳಿಯದಂತೆ ಅವರು ಕಾಯುತ್ತಿದ್ದ ರೀತಿ ನೋಡಬೇಕಿತ್ತು. ದೇವರ ಕೋಣೆಗೆ ಚಪ್ಪಲಿ ಬಂದಂತೆ ಉರಿಗಣ್ಣು.

ಜೊತೆಗಾರರು ದಡ್ಡರಲ್ಲ. ನಾತಕ್ಕೆ ಮುಖ ಸಿಂಡರಿಸುವುದು ಸೂಕ್ಷ್ಮದವರ ದೌರ್ಬಲ್ಯ, ಒಗ್ಗಿಕೊಳ್ಳುವುದೇ ಗಂಡಸುತನ ಎಂದು ನಂಬಿದವರು, ಅಷ್ಟೆ. ಅಂಥವರನ್ನು ಕಚೇರಿಗಳಲ್ಲೂ ಕಂಡಿದ್ದೇನೆ. ಹೊಸದಾಗಿ ಸೇರಿದವರು "ಇಲ್ಲಿ ಏನೋ ಕೊಳೆತಿದೆ" ಎಂದರೆ ಹಳಬರು ನಗುತ್ತಾರೆ: ನಮಗೇನೂ ತಿಳಿಯುತ್ತಿಲ್ಲವಲ್ಲ! ತಿಂಗಳು ಕಳೆದರೆ ಹೊಸಬರಿಗೂ ತಿಳಿಯುವುದಿಲ್ಲ. ಆಗ ಎಲ್ಲರೂ ಸೇರಿ, ಎಲ್ಲ ಸರಿಹೋಯಿತು ಎನ್ನುತ್ತಾರೆ.

ಕಾಲರು ಹಿಡಿದದ್ದು ಅವಮಾನವೆಂದು ಅವರು ಇನ್ನೂ ಮುನಿಸಿಕೊಂಡಿದ್ದಾರೆ. ಕ್ಷಮೆ ಕೇಳಿ ಎಂದು ಚಾಲಕರಿಗೆ ಹೇಳಿಕಳಿಸಿದ್ದಾರೆ, ಅದೂ ನನ್ನ ಮೂಲಕ. ನಾನು ತಲುಪಿಸಿಲ್ಲ.