ಇಲ್ಲಿ ‘ನೋಡೋಣ’ ಅಂದರೆ ‘ಹೌದು’

ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ಗೆ ಬಂದು ಎಂಟು ತಿಂಗಳಾಗಿತ್ತು. ಒಂದು ದಿನ ಮ್ಯಾನೇಜರ್ ಕರೆದು, ತಾವೇ ಕಾಫಿ ತಂದುಕೊಟ್ಟು, ಹೊರಗೆ ಮಳೆ ಬರ್ತಿದೆ ಅನ್ನೋ ಧಾಟಿಯಲ್ಲಿ ಹೇಳಿದರು: “ನೀನು ಕೊಟ್ಟ ಮಾತಿಗೆ ನಿಲ್ಲಲ್ಲ.” ಬೆಂಗಳೂರಿನಲ್ಲಿ ಒಂಬತ್ತು ವರ್ಷ ದುಡಿದು, ರಾತ್ರಿ ಹನ್ನೊಂದಕ್ಕೂ ಕಾಲ್ ತಗೊಂಡವನಿಗೆ ಈ ಹೆಸರು! ಆ ರಾತ್ರಿ ನಿದ್ದೆ ಬರಲಿಲ್ಲ.

ಕಂಪನಿ ನನಗೊಬ್ಬ ಕೋಚ್ ಗೊತ್ತು ಮಾಡಿತು. ಕೋಚಿಂಗ್ ಅಂದರೆ ನಮಗೆ ನೆನಪಾಗೋದು ಸಿಇಟಿ ಟ್ಯೂಷನ್ನೇ ಅಲ್ವಾ? ಇದು ಬೇರೆ. ಅರವತ್ತು ದಾಟಿದ ಡಚ್ ಹೆಂಗಸು, ಕೈಯಲ್ಲಿ ಒಂದು ಪೆನ್ನು, ಅಷ್ಟೇ. “ಶುಕ್ರವಾರದೊಳಗೆ ಮುಗಿಯುತ್ತಾ ಅಂತ ಕೇಳಿದಾಗ ಏನಂದೆ?” ಅಂತ ಕೇಳಿದರು.

“ನೋಡೋಣ, ಟ್ರೈ ಮಾಡ್ತೀನಿ ಅಂದೆ.”

“ಅಂದರೆ ಆಗುತ್ತೆ ಅಂತ ತಾನೆ?”

“ಇಲ್ಲ, ಆಗಲ್ಲ ಅಂತ.”

ಅವರು ಪೆನ್ನು ಕೆಳಗಿಟ್ಟರು.

ನನ್ನದೇನು ತಪ್ಪು ಹೇಳಿ. ದಾವಣಗೆರೆಯಲ್ಲಿ ಯಾರಾದರೂ ಸಾಲ ಕೇಳಲು ಬಂದಾಗ ಅಪ್ಪ “ನೋಡೋಣ ಬಿಡಿ” ಅಂದರೆ ಸಾಕು, ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಮತ್ತೆ ಆ ವಿಷಯ ಎತ್ತುತ್ತಿರಲಿಲ್ಲ. ಯಾರಿಗೂ ಮುಖ ಕೆಡುತ್ತಿರಲಿಲ್ಲ. ಆ ಭಾಷೆಯನ್ನೇ ನಾನು ಇಲ್ಲಿಗೂ ಹೊತ್ತು ತಂದಿದ್ದೆ.

ಕೋಚ್ ಕೊಟ್ಟ ಮನೆಕೆಲಸ ಸುಲಭದ್ದು. ಸಣ್ಣ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳಿ, ಎಡಗಡೆ ನೀನು ಬಾಯಲ್ಲಿ ಹೇಳಿದ್ದು, ಬಲಗಡೆ ಮನಸ್ಸಲ್ಲಿದ್ದದ್ದು, ಒಂದು ವಾರ ಬರಿ. ಶುಕ್ರವಾರ ಎಣಿಸಿದರೆ ಎಡಗಡೆ 11 ‘ಹೌದು’, ಬಲಗಡೆ 4. ನೋಡಿ ನನಗೇ ನಾಚಿಕೆಯಾಯಿತು.

ಆಮೇಲೆ ಅವರು ಹೇಳಿದ್ದು ಇಷ್ಟು: ಬರೀ ‘ಆಗಲ್ಲ’ ಅಂತ ನಿಲ್ಲಿಸಬೇಡ, ದಿನ ಹೇಳು. “ಶುಕ್ರವಾರ ಆಗಲ್ಲ, ಮಂಗಳವಾರ ಆಗುತ್ತೆ. ಶುಕ್ರವಾರವೇ ಬೇಕಂದರೆ ಇನ್ನೊಂದು ಕೆಲಸ ಬಿಡಬೇಕು.” ಅದನ್ನೂ ಮೀಟಿಂಗಿನಲ್ಲೇ ಹೇಳು, ಆಮೇಲೆ ಕಾಫಿ ಮೆಷಿನ್ ಹತ್ತಿರ ಅಲ್ಲ. ಈ ದೇಶದ ಸುಮಾರು ಕಾಲು ಭಾಗ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಒಡ್ಡು ಒಡೆದರೆ ಎಲ್ಲರ ಹೊಲವೂ ಮುಳುಗುತ್ತೆ, ಅದಕ್ಕೇ 13ನೇ ಶತಮಾನದಿಂದಲೂ ನೀರಿನ ಮಂಡಳಿ ಅಂತ ಕಟ್ಟಿಕೊಂಡು ಎಲ್ಲರೂ ಕೂತು ಮಾತಾಡಿ ಒಪ್ಪಿಯೇ ಕೆಲಸಕ್ಕೆ ಇಳಿಯೋದು ಇವರ ಅಭ್ಯಾಸ. ಹೀಗೆ ಒಪ್ಪೋವರೆಗೂ ಮಾತಾಡೋದಕ್ಕೆ ‘ಪೋಲ್ಡರೆನ್’ ಅಂತ ಒಂದು ಪದವೇ ಇದೆ. ಆಫೀಸಲ್ಲೂ ಅದೇ. 50 ಜನ ಕೆಲಸ ಮಾಡುವ ಕಂಪನಿಯಾದರೆ ನೌಕರರ ಮಂಡಳಿ ಇರಲೇಬೇಕು ಅಂತ ಕಾನೂನಿದೆ. ಇಂಥ ಕಡೆ ಸುಮ್ನೆ ಕೂತವನನ್ನು ಯಾರೂ ವಿನಯವಂತ ಅನ್ನಲ್ಲ, ಒಪ್ಪಿದ್ದಾನೆ ಅಂದುಕೊಳ್ಳುತ್ತಾರೆ.

ಮೊದಲ ‘ಆಗಲ್ಲ’ ಹೇಳಲು ಎರಡು ರಾತ್ರಿ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಹೇಳಿದೆ, ಕಿವಿಯೆಲ್ಲ ಬಿಸಿಯಾಯಿತು. ಮ್ಯಾನೇಜರ್ “ಸರಿ, ಮಂಗಳವಾರ” ಅಂತ ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ಮಧ್ಯಾಹ್ನ ಎಂದಿನಂತೆ ಬ್ರೆಡ್ಡು, ಚೀಸು, ಜೊತೆಗೆ ಕಾರ್ನೆಮೆಲ್ಕ್. ಅದು ನಮ್ಮ ಮಜ್ಜಿಗೆಯೇ, ಒಗ್ಗರಣೆ ಇಲ್ಲದ್ದು. ಅವತ್ತು ಅದೂ ರುಚಿಯಾಗಿತ್ತು.

ಹಾಗಂತ ಇವರ ನೇರ ಮಾತೆಲ್ಲ ಬಂಗಾರ ಅಂತಲ್ಲ. ಹತ್ತು ಜನರ ಎದುರು “ನಿನ್ನ ಸ್ಲೈಡ್ ಬೋರು” ಅನ್ನೋದು ನನ್ನ ಲೆಕ್ಕದಲ್ಲಿ ಈಗಲೂ ಒರಟುತನವೇ. ಕೋಚ್‌ಗೂ ಹಾಗೇ ಹೇಳಿದೆ. ನಕ್ಕು, “ನೋಡು, ಇದನ್ನು ಈಗ ನೇರವಾಗಿ ಹೇಳಿದೆ” ಅಂದರು.

ಈ ಸಲ ಊರಿಗೆ ಹೋದಾಗ ದೊಡ್ಡಪ್ಪ ಬಂದಿದ್ದರು. ಮೊಮ್ಮಗನಿಗೆ ನಮ್ಮ ಕಂಪನಿಯಲ್ಲಿ ಕೆಲಸ ಕೊಡಿಸಬೇಕಂತೆ. “ಕೆಲಸ ಕೊಡಿಸೋಕೆ ನನ್ನಿಂದ ಆಗಲ್ಲ ದೊಡ್ಡಪ್ಪ. ಅವನ ರೆಸ್ಯೂಮೆ ತಿದ್ದಿ ಕೊಡ್ತೀನಿ, ಭಾನುವಾರ ಕಳಿಸಿ” ಅಂದೆ. ದೊಡ್ಡಪ್ಪ ಅರ್ಧ ಲೋಟ ಕಾಫಿ ಹಾಗೇ ಬಿಟ್ಟು ಎದ್ದರು.

ಅಡುಗೆಮನೆಯಿಂದ ಅಮ್ಮ: “ನೋಡೋಣ ಅಂದಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?”