ಹೋಗುವಾಗ ಹಳೆಯ ಬೋಟು, ಬರುವಾಗ ಹೊಸತು

ಅಮ್ಮನಿಗೆ ಈಗ ಎಪ್ಪತ್ತಮೂರು. ಹುಟ್ಟಿ ಬೆಳೆದದ್ದು ಕಾಸರಗೋಡಿನ ಆದೂರಿನ ಹತ್ತಿರ, ಪಯಸ್ವಿನಿ ಹೊಳೆಯ ದಂಡೆಯ ಅಡಿಕೆ ತೋಟದಲ್ಲಿ. ಶಾಲೆಗೆ, ಜಾತ್ರೆಗೆ, ನೆಂಟರ ಮನೆಗೆ ಎಲ್ಲಿಗೆ ಹೊರಟರೂ ದೋಣಿಯಲ್ಲಿ ಕಡವು ದಾಟಬೇಕಿತ್ತು. ಒಂದು ಆಟಿ ತಿಂಗಳ ಮಳೆಗೆ ದೋಣಿ ಸೆಳವಿಗೆ ಸಿಕ್ಕಿ ಎಷ್ಟೋ ದೂರ ಹೋಗಿ ಬಿದಿರು ಮೆಳೆಗೆ ತಗುಲಿ ನಿಂತಿತಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಅವಳು ಪ್ರತಿ ಸಲ ಜೀವ ಕೈಯಲ್ಲಿ ಹಿಡಿದೇ ದಾಟಿದಳು, ಮದುವೆಯಾಗಿ ಬದಿಯಡ್ಕದ ಕಡೆಗೆ ಬಂದ ಮೇಲೆ ದೋಣಿಗೆ ಕಾಲಿಡಲೇ ಇಲ್ಲ. ಹಾಗಾಗಿ ಕಳೆದ ಫೆಬ್ರವರಿಯಲ್ಲಿ ಕೊಚ್ಚಿಯ ಎರ್ನಾಕುಳಂನಲ್ಲಿ ತಂಗಿದ್ದ ಕೋಣೆಯಲ್ಲಿ ನಾನೂ ಮಗನೂ ಬೋಟಿಗೆ ಹೊರಡುವಾಗ, "ಒಬ್ಬಳೇ ಇಲ್ಲಿ ಕೂತು ಏನು ಮಾಡಲಿ, ನಾನೂ ಬರುತ್ತೇನೆ" ಎಂದು ಅವಳು ಸೆರಗು ಸರಿ ಮಾಡಿಕೊಂಡಾಗ ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಉತ್ತರ.

ಮಗನಿಗೆ ಕಳಮಶ್ಶೇರಿಯಲ್ಲಿ ಸಂದರ್ಶನವಿತ್ತು. ಹಿಂದಿನ ದಿನ ಬೆಳಗಿನ ಪರಶುರಾಮ್ ಎಕ್ಸ್‌ಪ್ರೆಸ್ ಹಿಡಿದು ಹೋಗಿದ್ದೆವು. ಸಂದರ್ಶನ ಮಧ್ಯಾಹ್ನಕ್ಕೇ ಮುಗಿಯಿತು, ಮರಳುವ ರೈಲು ರಾತ್ರಿಗೆ. ನಡುವೆ ಇಡೀ ಸಂಜೆ ಬಿಡುವು. ನಾನು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ, ಹೊಸ ಊರಿಗೆ ಹೋದರೆ ಮೊದಲು ನೀರು ಎಲ್ಲಿದೆ ಎಂದು ನೋಡುವವಳು.

ಕೆಲವು ವರ್ಷಗಳ ಹಿಂದೆ ಇಲ್ಲಿಗೇ ಬಂದಿದ್ದಾಗ ದಂಡೆಯಲ್ಲಿ ನಿಂತು ಕೂಗಿ ಕರೆಯುವ ಒಂದು ಖಾಸಗಿ ಬೋಟಿಗೆ ದುಡ್ಡು ಕೊಟ್ಟು ಕೂತಿದ್ದೆ. ಜನ ತುಂಬುವವರೆಗೆ ಹೊರಡುವುದಿಲ್ಲ ಎಂದರು. ಜನ ತುಂಬುವಷ್ಟರಲ್ಲಿ ಸೂರ್ಯ ಮುಳುಗಿದ. ಹೊರಟ ಮೇಲೆ ಧ್ವನಿವರ್ಧಕದ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳಿಸಲಿಲ್ಲ. ಎಲ್ಲ ಬೋಟಿನವರೂ ಹಾಗೆ ಎಂದು ನಾನು ಹೇಳುವುದಿಲ್ಲ. ಆದರೆ ಈ ಸಲ ಊರಿನ ಜನ ದಿನಾ ಹತ್ತುವ ಬೋಟನ್ನೇ ಹತ್ತಬೇಕೆಂದು ನಿಶ್ಚಯಿಸಿದ್ದೆ. ಅವರಿಗೆ ಸಮಯಕ್ಕೆ ಮನೆ ಸೇರಬೇಕು, ಆದ್ದರಿಂದ ಆ ಬೋಟು ಸಮಯಕ್ಕೆ ಹೊರಡುತ್ತದೆ.

ಕೊಚ್ಚಿಯಲ್ಲಿ ಅಂಥವು ಎರಡು ಬಗೆ. ಒಂದು, ರಾಜ್ಯ ಜಲಸಾರಿಗೆ ಇಲಾಖೆಯ ಬೋಟು. ಸುಭಾಷ್ ಪಾರ್ಕಿನ ಹತ್ತಿರದ ದೊಡ್ಡ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ದಿನವಿಡೀ ಓಡಾಡುತ್ತದೆ, ಟಿಕೆಟ್ ಹತ್ತು ರೂಪಾಯಿಗೂ ಒಳಗೆ. ಇನ್ನೊಂದು ವಾಟರ್ ಮೆಟ್ರೋ. ಕಾಸರಗೋಡಿನ ವಂದೇ ಭಾರತ್ ರೈಲಿಗೂ ಇದಕ್ಕೂ ಪ್ರಧಾನಿ ಚಾಲನೆ ಕೊಟ್ಟದ್ದು ಒಂದೇ ದಿನ, 2023ರ ಏಪ್ರಿಲ್ 25ರಂದು. ಆ ದಿನ ನಮ್ಮ ಊರಿನವರ ಗಮನವೆಲ್ಲ ರೈಲಿನ ಮೇಲಿತ್ತು, ಬೋಟಿನ ಸುದ್ದಿ ನನ್ನ ಕಿವಿಗೂ ಬಿದ್ದಿರಲಿಲ್ಲ. ನಾವು ಹೋದಾಗ ಇದರ ಟಿಕೆಟ್ ಇಪ್ಪತ್ತರಿಂದ ನಲವತ್ತು ರೂಪಾಯಿ ಇತ್ತು. ಫೋರ್ಟ್ ಕೊಚ್ಚಿಯಿಂದ ಹೈಕೋರ್ಟ್ ಜೆಟ್ಟಿಗೆ ನಲವತ್ತು.

ಹೋಗುವಾಗ ಹಳೆಯ ಬೋಟು, ಬರುವಾಗ ಹೊಸತು ಎಂದು ಲೆಕ್ಕ ಹಾಕಿದ್ದು ಮಗ. ಅದು ಎಷ್ಟು ಸರಿಯಾದ ಲೆಕ್ಕವೆಂದು ಆಮೇಲೆ ತಿಳಿಯಿತು.

ಜೆಟ್ಟಿಯಲ್ಲಿ ಅಮ್ಮ ತಡೆದು ನಿಂತಳು. ಬೋಟಿಗೂ ಕಟ್ಟೆಗೂ ನಡುವೆ ಒಂದು ಗೇಣು ಸಂದು. ಆ ಸಂದಿನಲ್ಲಿ ಹಸಿರು ನೀರು ಏರುತ್ತಿತ್ತು, ಇಳಿಯುತ್ತಿತ್ತು. ಕಟ್ಟೆಗೆ ಕಟ್ಟಿದ ಹಳೆಯ ಟಯರಿಗೆ ಬೋಟಿನ ಪಕ್ಕೆ ಉಜ್ಜಿದಾಗ ಕಿರ್ ಎಂದು ಸದ್ದು. ಅವಳ ಕಣ್ಣು ಆ ಸಂದನ್ನು ಬಿಟ್ಟು ಕದಲಲಿಲ್ಲ. ಅರುವತ್ತು ವರ್ಷದ ಹಿಂದಿನ ಆ ಆಟಿಯ ಹೊಳೆಯೇ ಅಲ್ಲಿ ಕಾಣುತ್ತಿರಬೇಕು ಎಂದು ನನಗೆ ಅನಿಸಿತು. ಹಿಂದೆ ಕೆಲಸ ಮುಗಿಸಿ ಮನೆಗೆ ಹೊರಟವರ ಸಾಲು. ಒಬ್ಬರೂ ಅವಸರ ಮಾಡಲಿಲ್ಲ. ಹಗ್ಗ ಹಿಡಿದಿದ್ದ ಬೋಟಿನ ನೌಕರ ಒಂದು ಕಾಲು ಕಟ್ಟೆಯ ಮೇಲೆ, ಒಂದು ಕಾಲು ಬೋಟಿನ ಮೇಲೆ ಇಟ್ಟು ತನ್ನ ಮುಂಗೈಯನ್ನು ಅಡ್ಡ ಚಾಚಿ, "ಅಮ್ಮೇ, ಪದುಕ್ಕೆ" ಎಂದ, ನಿಧಾನ ಎಂದು. ಕೈ ಹಿಡಿದೆಳೆಯಲಿಲ್ಲ, ಹಿಡಿದುಕೊಳ್ಳಲು ಕೈ ಕೊಟ್ಟ. ಅಮ್ಮ ಆ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದು ದಾಟಿದಳು. ಆಮೇಲೆ ಬೆಂಚಿನಲ್ಲಿ ಕೂತು ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡಳು.

ಬೋಟು ಪಶ್ಚಿಮಕ್ಕೆ ಮುಖ ಮಾಡಿ ಹೋಗುವುದರಿಂದ ಸೂರ್ಯ ಎದುರಿಗೇ ಇರುತ್ತಾನೆ. ಹಾಗಾಗಿ ಮುಂದಿನ ಬೆಂಚುಗಳಲ್ಲಿ ಕೂರಬೇಕು. ಪಕ್ಕದಲ್ಲಿ ಗಾಜಿಲ್ಲ, ತೆರೆದೇ ಇದೆ. ಉಪ್ಪು ಗಾಳಿ ಮುಖಕ್ಕೆ ಬಡಿಯುತ್ತದೆ, ಎಂಜಿನ್ನಿನ ನಡುಕ ಬೆಂಚಿನಿಂದ ಬೆನ್ನಿಗೆ ಹತ್ತುತ್ತದೆ. ನಾವು ಹತ್ತಿದಾಗ ಆರು ಗಂಟೆ. ಆ ತಿಂಗಳಲ್ಲಿ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ನೀರಿನ ಮೇಲೆ ನೀಲಿ ಹೂವಿನ ಜಲಕಳೆಯ ಕುಚ್ಚುಗಳು ತೇಲಿ ಬರುತ್ತಿದ್ದವು. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ. ಇದು ದೇವರು ಕೊಟ್ಟ ದ್ವೀಪವಲ್ಲ ಎಂದು ನಾನು ಮಗನಿಗೆ ಹೇಳಿದೆ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ 1920ರಲ್ಲಿ ಇಲ್ಲಿಗೆ ಬಂದವನು. ಅಳಿವೆಯ ಬಾಯಿಗೆ ಅಡ್ಡಲಾಗಿದ್ದ ಮರಳುದಿಬ್ಬವನ್ನು ಕಡಿಸಿ ಹಡಗುಗಳಿಗೆ ದಾರಿ ಮಾಡಿಸಿದ. ಬಂದರಿಗಾಗಿ ನೀರಿನಡಿಯಿಂದ ಅಗೆದು ತೆಗೆದ ಮಣ್ಣನ್ನು ಗುಡ್ಡೆ ಹಾಕಿದ್ದೇ ಈ ದ್ವೀಪ. ಪಾಠ ಹೇಳುವ ನನ್ನ ಅಭ್ಯಾಸ ಮಗನಿಗೆ ಗೊತ್ತು, ಅವನು ತಲೆಯಾಡಿಸುತ್ತ ನೀರನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅವನೇ ಎದ್ದು ನಿಂತು ಕೈ ತೋರಿಸಿದ. ಬೂದು ಬಣ್ಣದ ಒಂದು ಬೆನ್ನು ನೀರಿನಿಂದ ಮೇಲೆದ್ದು ಹೊರಳಿ ಮಾಯವಾಯಿತು. ಡಾಲ್ಫಿನ್. ಕೊಚ್ಚಿಯ ಅಳಿವೆಯಲ್ಲಿ ಅವು ಕಾಣಿಸುವುದು ಅಪರೂಪವಲ್ಲ, ಆದರೆ ನಮಗೆ ಅದು ಮೊದಲು. ಬೋಟಿನಲ್ಲಿದ್ದ ಉಳಿದವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಮ್ಮ ಮಾತ್ರ "ಮಾಣಿ, ಇನ್ನೊಮ್ಮೆ ಬರುತ್ತದೆ, ಬಿಡದೆ ನೋಡು" ಎಂದು ಅವನ ತೋಳು ಹಿಡಿದು ಕೂರಿಸಿದಳು. ಅದು ಬರಲಿಲ್ಲ.

ಫೋರ್ಟ್ ಕೊಚ್ಚಿಯಲ್ಲಿ ಇಳಿದು ದಂಡೆ ಹಿಡಿದು ನಿಧಾನವಾಗಿ ನಡೆದೆವು. ಅಮ್ಮನ ಮೊಣಕಾಲಿಗೆ ಆ ದೂರವೂ ದೊಡ್ಡದೇ. ಚೀನಾ ಬಲೆಗಳ ಎದುರಿನ ಕಲ್ಲುಕಟ್ಟೆಯಲ್ಲಿ ಜಾಗ ಸಿಕ್ಕಿತು. ಈ ಬಲೆಗಳ ಚಿತ್ರವನ್ನು ಕೇರಳದ ಪ್ರವಾಸೋದ್ಯಮದ ಎಲ್ಲ ಜಾಹೀರಾತುಗಳಲ್ಲಿ ನೋಡಿದ್ದೆ. ಆದರೆ ಅದು ಕೆಲಸ ಮಾಡುವ ಬಗೆಯನ್ನು ಚಿತ್ರ ಹೇಳುವುದಿಲ್ಲ. ಅಮ್ಮ ಒಂದು ನಿಮಿಷ ನೋಡಿ, "ಇದು ನಮ್ಮ ಏತವೇ ಅಲ್ಲವೇ!" ಎಂದಳು.

ಹೌದು, ಏತವೇ. ನಡುವೆ ಊರುಗೋಲು, ಒಂದು ತುದಿಯಲ್ಲಿ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿ ತೂಗಬಿಟ್ಟ ಗುಂಡುಕಲ್ಲುಗಳು. ಅಜ್ಜನ ತೋಟದಲ್ಲಿ ಕೆರೆಯಿಂದ ಏತದಲ್ಲಿ ನೀರು ಮೊಗೆದು ಅಡಿಕೆ ಬುಡಕ್ಕೆ ಬಿಡುತ್ತಿದ್ದರು, ಅಲ್ಲಿಯೂ ಒಂದು ತುದಿಗೆ ಭಾರ, ಇನ್ನೊಂದಕ್ಕೆ ಮರಿಗೆ. ಇಲ್ಲಿ ನಾಲ್ಕೈದು ಜನ ಸೇರಿ ಹಗ್ಗ ಎಳೆಯುತ್ತಾರೆ. ಕಲ್ಲುಗಳು ಒಂದೊಂದಾಗಿ ಕೆಳಗಿನ ಹಲಗೆಯ ಮೇಲೆ ಕೂರುತ್ತ ಬಂದ ಹಾಗೆ ಎದುರಿನ ದೊಡ್ಡ ಬಲೆ ನೀರಿನಿಂದ ಮೇಲೇಳುತ್ತದೆ. ಅಮ್ಮ ಆ ಕಲ್ಲುಗಳನ್ನು ಎಣಿಸಿದಳು. ಏತಕ್ಕೆ ಭಾರ ಹೆಚ್ಚಾದರೆ ಮರಿಗೆ ನೀರಿಗೆ ಇಳಿಯುವುದಿಲ್ಲ, ಕಡಿಮೆಯಾದರೆ ಎಳೆಯುವವನ ಸೊಂಟ ಮುರಿಯುತ್ತದೆ, ಅಪ್ಪ ಒಂದೊಂದೇ ಕಲ್ಲು ಸೇರಿಸಿ ನೋಡುತ್ತಿದ್ದರು ಎಂದಳು. ಅಜ್ಜನ ಬಗ್ಗೆ ಅವಳು ಹೀಗೆ ಮಾತನಾಡಿ ಎಷ್ಟು ಕಾಲವಾಗಿತ್ತೋ! ಬಲೆ ಮೇಲೆ ಬಂತು. ಅದರ ಹೊಟ್ಟೆಯಲ್ಲಿ ಒಂದು ಹಿಡಿ ಬೆಳ್ಳಿಯ ಮೀನು, ಎರಡು ಏಡಿ, ಒಂದಷ್ಟು ಜಲಕಳೆ. ಅಷ್ಟೇ. ಅವರು ಬಲೆಯನ್ನು ಮತ್ತೆ ಇಳಿಸಿದರು.

ಆ ಇಳಿಯುವ ಬಲೆಯ ಹಿಂದೆ ಸೂರ್ಯನೂ ಇಳಿದ. "ಹಣ್ಣಡಿಕೆಯ ಬಣ್ಣ" ಎಂದಳು ಅಮ್ಮ. ಅದಕ್ಕಿಂತ ಸರಿಯಾದ ಮಾತು ನನಗೆ ಹೊಳೆಯುವುದಿಲ್ಲ. ಫೋಟೋ ತೆಗೆಯಲು ಮೊಬೈಲ್ ಹೊರತೆಗೆದ ಮಗ ಯಾಕೋ ಮತ್ತೆ ಜೇಬಿಗೆ ಹಾಕಿಕೊಂಡ.

ಮರಳುವಾಗ ವಾಟರ್ ಮೆಟ್ರೋ. ಫೋರ್ಟ್ ಕೊಚ್ಚಿಯ ಈ ನಿಲ್ದಾಣ ತೆರೆದದ್ದು 2024ರ ಏಪ್ರಿಲ್‌ನಲ್ಲಿ. ಮೊಣಕಾಲು ನೋವಿನವರನ್ನು ಮನೆಯಲ್ಲಿ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಬೇಕೆಂದು ನನ್ನ ಆಸೆ. ಇಲ್ಲಿ ಬೋಟು ಹತ್ತುವ ಕಟ್ಟೆಯೇ ನೀರಿನ ಮೇಲೆ ತೇಲುತ್ತದೆ. ಉಬ್ಬರದಲ್ಲಿ ಬೋಟು ಎಷ್ಟು ಏರುತ್ತದೋ ಕಟ್ಟೆಯೂ ಅಷ್ಟೇ ಏರುತ್ತದೆ, ಇಳಿತದಲ್ಲಿ ಜೊತೆಗೇ ಇಳಿಯುತ್ತದೆ. ಆದ್ದರಿಂದ ಎರಡರ ನೆಲವೂ ಯಾವಾಗಲೂ ಸಮ. ಗಾಲಿಕುರ್ಚಿಯನ್ನು ನೇರ ತಳ್ಳಿಕೊಂಡು ಹೋಗಬಹುದು. ಅಮ್ಮ ಈ ಸಲವೂ ಸಂದನ್ನು ಹುಡುಕಿದಳು. ಕಾಣಲಿಲ್ಲ. ನನ್ನ ಕೈ ಬಿಟ್ಟು, ದೇವಸ್ಥಾನದ ಹೊಸ್ತಿಲು ದಾಟುವಾಗ ಮಾಡುವಂತೆ ಒಮ್ಮೆ ಕೆಳಗೆ ನೋಡಿ, ಒಬ್ಬಳೇ ನಡೆದು ಒಳಗೆ ಹೋದಳು. ಈ ಒಂದು ಹೆಜ್ಜೆಗಾಗಿ ಬೋಟು ಕಟ್ಟಿದವರಿಗೆ, ಕಟ್ಟೆ ಕಟ್ಟಿದವರಿಗೆ ನಾನು ಕೃತಜ್ಞಳು. ಬೋಟುಗಳನ್ನು ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್, 2022ರ ಸೆಪ್ಟೆಂಬರಿನಲ್ಲಿ ನೌಕಾಪಡೆ ಸೇರಿದ ವಿಕ್ರಾಂತ್ ಹಡಗನ್ನು ಕಟ್ಟಿದ ಅದೇ ಅಂಗಳ.

ಒಳಗೆ ಹವಾನಿಯಂತ್ರಣ, ದೊಡ್ಡ ಗಾಜಿನ ಕಿಟಕಿ. ಬ್ಯಾಟರಿಯಲ್ಲಿ ಓಡುವುದರಿಂದ ಸದ್ದಿಲ್ಲ. ದಂಡೆಯ ದೀಪಗಳು ಸರಿಯತೊಡಗಿದ ಮೇಲೆಯೇ "ಹೊರಟಿತೇ?" ಎಂದು ಅಮ್ಮ ಕೇಳಿದಳು. ಸೂರ್ಯಾಸ್ತಕ್ಕೆ ಈ ಗಾಜು ಒಂದು ಅಡ್ಡಿಯೇ ಸರಿ, ಬೆಳಕು ಪ್ರತಿಫಲಿಸುತ್ತದೆ, ಗಾಳಿ ಮುಟ್ಟುವುದಿಲ್ಲ. ಕತ್ತಲಾದ ಮೇಲೆ ಆ ದೂರು ಉಳಿಯುವುದಿಲ್ಲ. ವಲ್ಲಾರ್ಪಾಡಂ ಬಂದರಿನ ಕ್ರೇನುಗಳು, ಡಚ್ಚರು 1744ರಲ್ಲಿ ಕಟ್ಟಿದ ಅರಮನೆಯ ಬೋಲ್ಗಾಟ್ಟಿ, ಎದುರಿಗೆ ಮರೀನ್ ಡ್ರೈವಿನ ಕಟ್ಟಡಗಳ ಸಾಲು, ಎಲ್ಲದರ ಬೆಳಕೂ ಕಪ್ಪು ನೀರಿನಲ್ಲಿ ಉದ್ದುದ್ದ ಇಳಿದಿರುತ್ತದೆ. ಹೊಸ ಬೋಟು ರಾತ್ರಿಗೆ, ಹಳೆಯದು ಸಂಜೆಗೆ. ಸಂದು ದಾಟಲು ಸಾಧ್ಯವೇ ಇಲ್ಲದವರಿದ್ದರೆ ಎರಡೂ ಸಲ ಹೊಸತರಲ್ಲೇ ಹೋಗಿ, ಸೂರ್ಯನನ್ನು ದಂಡೆಯಲ್ಲಿ ಕೂತು ನೋಡಿ.

ಪಕ್ಕದಲ್ಲಿ ಕೂತಿದ್ದ ಅಮ್ಮನ ವಯಸ್ಸಿನವರೊಬ್ಬರು ಯಾವ ಊರು ಎಂದು ಮಲಯಾಳದಲ್ಲಿ ವಿಚಾರಿಸಿದರು. ಕಾಸರಗೋಡು ಎಂದದ್ದೇ ಅವರ ಮುಖ ಅರಳಿತು. ಮಟ್ಟಾಂಚೇರಿಯ ಕೊಂಕಣಿಗರು. ಎಳವೆಯಲ್ಲಿ ಒಮ್ಮೆ ಮಂಜೇಶ್ವರದ ಅನಂತೇಶ್ವರ ದೇವಸ್ಥಾನಕ್ಕೆ ಷಷ್ಠಿಯ ಹೊತ್ತಿಗೆ ಬಂದಿದ್ದರಂತೆ. ಪೇಟೆಯ ಅಂಗಡಿಗಳಲ್ಲಿ ಕಲಿತ ಕೊಂಕಣಿಯನ್ನು ಅಮ್ಮ ಹೊರತೆಗೆದಳು. ಹೈಕೋರ್ಟ್ ಜೆಟ್ಟಿ ಬರುವವರೆಗಿನ ಸುಮಾರು ಇಪ್ಪತ್ತು ನಿಮಿಷ ಇಬ್ಬರೂ ತೇರಿನ ಬಗ್ಗೆ, ಮೊಣಕಾಲಿನ ಬಗ್ಗೆ, ಎಣ್ಣೆಯ ಬಗ್ಗೆ ಮಾತನಾಡಿದರು. ಇಳಿಯುವಾಗ ಅವರು ಅಮ್ಮನ ಕೈ ಹಿಡಿದೇ ನಡೆದರು. ಆ ಸಂಜೆಗೆ ನಮಗೆ ಮೂವರಿಗೂ ಸೇರಿ ತಗುಲಿದ ಬೋಟಿನ ಖರ್ಚು ನೂರೈವತ್ತು ರೂಪಾಯಿಯೊಳಗೆ.

ರೈಲಿನಲ್ಲಿ ನನಗೆ ಬೇಗ ನಿದ್ರೆ ಹತ್ತಲಿಲ್ಲ. ನಮಗೂ ಒಂದು ಹೊಳೆಯಿದೆ, ಅಳಿವೆಯಿದೆ. ಅಮ್ಮನ ಪಯಸ್ವಿನಿಯೇ ಚಂದ್ರಗಿರಿಯಾಗಿ ತಳಂಗರೆಯಲ್ಲಿ ಕಡಲು ಸೇರುವ ಜಾಗ, ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಎರಡು ದಂಡೆಯ ತೆಂಗು. ಕೊಚ್ಚಿಯಲ್ಲಿ ಇರುವ ಬೆಳಕು ನಮ್ಮಲ್ಲಿಯೂ ಇದೆ. ಆದರೆ ಚಂದ್ರಗಿರಿ ಎಂದೊಡನೆ ನಮ್ಮವರ ನಾಲಗೆಗೆ ಬರುವ ಮಾತು ಗಡಿ. ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಆಗಲಿಲ್ಲ, ಆ ನೋವು ನನ್ನ ಹಿರಿಯರ ಮಾತಿನಲ್ಲಿ ಇಂದಿಗೂ ಇದೆ. ನನ್ನಲ್ಲಿಯೂ ಇದೆ. ಅದರ ನಡುವೆಯೂ ನನಗೊಂದು ಆಸೆ. ಅಳಿವೆಯಿಂದ ಕೋಟೆಯ ಬುಡದವರೆಗೆ ಸಂಜೆ ಒಂದು ಬೋಟು ಓಡಲಿ. ತೇಲುವ ಕಟ್ಟೆ ಇರಲಿ. ಹತ್ತಿಪ್ಪತ್ತು ರೂಪಾಯಿಗೆ ಶಾಲೆಯ ಮಕ್ಕಳೂ ಅವರ ಅಜ್ಜಿಯರೂ ಕೂರುವಂತಿರಲಿ. ನೀಲೇಶ್ವರದ ಕೋಟ್ಟಪ್ಪುರದಿಂದ ಹೊರಡುವ ದೋಣಿಮನೆಗಳು ಚೆಂದವೇ, ಆದರೆ ನನ್ನ ತರಗತಿಯ ಮಕ್ಕಳ ತಂದೆತಾಯಿಗೆ ಅವು ದುಬಾರಿ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಚಂದ್ರಗಿರಿಯನ್ನು ಸೇತುವೆಯ ಮೇಲಿನಿಂದ ಬಸ್ಸಿನ ಕಿಟಕಿಯಲ್ಲಿ ಮಾತ್ರ ಕಂಡವರು.

ಬೆಳಗ್ಗೆ ಕಳನಾಡು ದಾಟುವಾಗ ಅಮ್ಮನೇ ನನ್ನನ್ನು ಎಬ್ಬಿಸಿದಳು. ಮಲಬಾರ್ ಎಕ್ಸ್‌ಪ್ರೆಸ್ ಚಂದ್ರಗಿರಿಯ ಸೇತುವೆಗೆ ಬಂದಿತ್ತು. ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ಕೆಳಗೆ ನೋಡುತ್ತಿದ್ದಳು. ದಂಡೆಗೆ ಕಟ್ಟಿದ ಎರಡು ದೋಣಿ, ನಡುನೀರಿನಲ್ಲಿ ಬಲೆ ಬಿಡುತ್ತಿದ್ದವನ ಒಂದು.

"ಈ ನೀರು ನಮ್ಮ ಮನೆಯ ಎದುರಿನಿಂದ ಬಂದದ್ದು" ಎಂದು ಮಗನಿಗೆ ತೋರಿಸಿದಳು. ಆಮೇಲೆ ನನ್ನ ಕಡೆಗೆ ತಿರುಗಿ, "ಏಳು, ಚೀಲ ಇಳಿಸು. ಕಾಸರಗೋಡು ಬಂತು."