ಸಿಂಗಾಪುರದಿಂದ ನ್ಯೂಯಾರ್ಕಿಗೆ, ಗಾಳಿಯ ಜೊತೆ

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ನೇರ ದೂರ ಸುಮಾರು 15,300 ಕಿಲೋಮೀಟರ್. ಮಧ್ಯೆ ಎಲ್ಲೂ ಇಳಿಯುವುದಿಲ್ಲ. ಗಂಟೆಗೆ 900 ಕಿಲೋಮೀಟರ್ ವೇಗ ಅಂತ ಲೆಕ್ಕ ಹಾಕಿದರೆ 17 ಗಂಟೆ ಸಾಕು. ಆದರೆ ಟಿಕೆಟ್ಟಿನಲ್ಲಿದ್ದದ್ದು ಹದಿನೆಂಟೂವರೆ ಗಂಟೆಗೂ ಜಾಸ್ತಿ. ಗೇಟು ಬಿಟ್ಟಾಗಿನಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಸಮಯವನ್ನೇ ಟಿಕೆಟ್ಟಿನಲ್ಲಿ ಕೊಡುತ್ತಾರೆ. ರನ್‌ವೇವರೆಗೆ ಹೋಗುವುದು, ಸರದಿಗೆ ಕಾಯುವುದು ಎಲ್ಲ ಅದರೊಳಗೇ ಬರುತ್ತದೆ.

ಇನ್ನೊಂದು ಕಾರಣ ದಾರಿಯದು. ಈ ಎರಡು ಊರುಗಳು ಭೂಮಿಯ ಹೆಚ್ಚು ಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ. ಗ್ಲೋಬಿನ ಮೇಲೆ ದಾರ ಎಳೆದು ಹಿಡಿದರೆ ಅದು ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ನಮ್ಮ ವಿಮಾನ ಆ ಕಡೆ ಹೋಗಲೇ ಇಲ್ಲ. ಜಪಾನಿನ ಕಡೆಗೆ ಏರಿ, ಪೆಸಿಫಿಕ್ ಸಾಗರದ ಮೇಲೆ ಪೂರ್ವಕ್ಕೆ ಹೊರಟಿತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು! ಆದರೂ ಲಾಭ ಅದರಲ್ಲೇ ಇತ್ತು.

ಅಲ್ಲಿ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಜೋರು ಇನ್ನೂ ಹೆಚ್ಚು. ನಾವು ಹೋದದ್ದು ಜನವರಿಯಲ್ಲಿ. ಮುಂದಿನ ಸೀಟಿನ ಪರದೆಯಲ್ಲಿ ವೇಗ 900 ಇದ್ದದ್ದು 1,000 ದಾಟಿತು, ಆಮೇಲೆ 1,100. ಎಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. ವಿಮಾನ ತನ್ನ ಪಾಡಿಗೆ ಅದೇ ವೇಗದಲ್ಲಿ ಹಾರುತ್ತಿತ್ತು, ಸುತ್ತಲಿನ ಗಾಳಿಯೇ ಅದನ್ನು ಹೊತ್ತು ಸಾಗುತ್ತಿತ್ತು. ನಿದ್ದೆ ಬಿಟ್ಟು ಆ ಅಂಕಿಗಳನ್ನೇ ನೋಡುತ್ತಾ ಕೂತೆ. ಅಷ್ಟು ಖುಷಿಯಾಗಿತ್ತು.

ಹಗಲು ಮಾತ್ರ ಬಹಳ ಚಿಕ್ಕದು. ಹತ್ತನೇ ತಾರೀಖು ನಡುರಾತ್ರಿ ಕಳೆದ ಮೇಲೆ ಹೊರಟಿದ್ದೆವು. ಜಪಾನ್ ದಾಟುವ ಹೊತ್ತಿಗೆ ಬೆಳಗಾಯಿತು. ಸೂರ್ಯನಿಗೆ ಎದುರಾಗಿ ಹೋಗುತ್ತಿದ್ದರಿಂದ ಐದಾರು ಗಂಟೆಯಲ್ಲೇ ಮತ್ತೆ ಕತ್ತಲು. ಮಧ್ಯೆ ಅಂತರರಾಷ್ಟ್ರೀಯ ದಿನರೇಖೆ ಬಂತು, ತಾರೀಖು ಒಂಬತ್ತಕ್ಕೆ ಹಿಂದೆ ಸರಿಯಿತು. ಅಮೆರಿಕದ ನೆಲದ ಮೇಲೆ ಅದೇ ರಾತ್ರಿ ಕಳೆಯುತ್ತಾ ಮತ್ತೆ ಹತ್ತಾಯಿತು. ಚಳಿಗಾಲದಲ್ಲಿ ನ್ಯೂಯಾರ್ಕ್ ಸಿಂಗಾಪುರಕ್ಕಿಂತ 13 ಗಂಟೆ ಹಿಂದೆ. ಹಾಗಾಗಿ ಇಳಿದಾಗ ಗಡಿಯಾರದಲ್ಲಿ ಬೆಳಗಿನ ಆರರ ಆಸುಪಾಸು, ತಾರೀಖು ಹತ್ತೇ. ಕ್ಯಾಲೆಂಡರ್ ನೋಡಿದರೆ ಐದಾರು ಗಂಟೆಯ ಪ್ರಯಾಣ ಅನ್ನಬೇಕು. ಕಾಲು ಊದಿಕೊಂಡದ್ದು ಬೇರೆಯೇ ಲೆಕ್ಕ ಹೇಳುತ್ತಿತ್ತು.

ಇಷ್ಟು ದೂರ ಹೋಗುವವರು ಟಿಕೆಟ್ ಮಾಡಿಸುವಾಗ ಕಿಲೋಮೀಟರ್ ನೋಡಿ ಸಮಯ ಅಂದಾಜು ಮಾಡಬೇಡಿ. ಹೋಗುವ ಸಮಯ, ಬರುವ ಸಮಯ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿ. ಬಂದ ದಾರಿಯಲ್ಲೇ ವಾಪಸ್ ಹೋದರೆ ಅದೇ ಗಾಳಿ ಎದುರಿಗೆ ಬಡಿಯುತ್ತದೆ ಅಲ್ವಾ? ನಮ್ಮ ವಾಪಸ್ ವಿಮಾನ ಪೆಸಿಫಿಕ್ ಕಡೆ ತಿರುಗಲೇ ಇಲ್ಲ. ಅಟ್ಲಾಂಟಿಕ್ ದಾಟಿ, ಯುರೋಪಿನ ಮೇಲೆ ಹಾದು, ಮತ್ತೆ ಪೂರ್ವಕ್ಕೇ ಬಂತು. ಹೋಗಿ ಬರುವಷ್ಟರಲ್ಲಿ ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿದ್ದೆವು.